ಗಾಜು ಮಂಜಾದರೆ ಯಾವ ಬಟನ್ ಒತ್ತಬೇಕು? ಕೊಡಗಿನ ಓದುಗರ ಕಾರು ಪ್ರಶ್ನೆಗಳು

ಕೊಡವರ ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ನನಗೆ ಬರುವ ಪತ್ರಗಳೇ ಬೇರೆ. ಬೇಸಿಗೆಯಲ್ಲಿ ಎಲ್ಲರೂ ಮೈಲೇಜ್ ಕೇಳುತ್ತಾರೆ, ಹೊಸ ಕಾರು ಯಾವುದು ತೆಗೆದುಕೊಳ್ಳಲಿ ಅಂತ ಕೇಳುತ್ತಾರೆ. ಮಳೆಗಾಲದಲ್ಲಿ ಗಾಜು, ಬ್ರೇಕು, ವಾಸನೆ, ಉರಿಯುವ ದೀಪ. ಈ ಸಲ ಕೊಡಗಿನಿಂದ ಬಂದ ಪತ್ರಗಳನ್ನೇ ಆರಿಸಿದ್ದೇನೆ. ಓದುತ್ತಾ ಹೋದಂತೆ ನನಗೆ ಅನಿಸಿದ್ದು ಇಷ್ಟು: ನಮಗೆ ಬೇಕಾದ ಎಷ್ಟೋ ಸೌಕರ್ಯ ಕಾರಿನಲ್ಲಿ ಆಗಲೇ ಇದೆ, ಅದನ್ನು ಬಳಸುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿಲ್ಲ. ಕಾರು ಮನೆಗೆ ತರುವ ದಿನ ಹಾರ ಹಾಕಿ, ಫೋಟೋ ತೆಗೆದು, ಫೋನಿಗೆ ಬ್ಲೂಟೂತ್ ಜೋಡಿಸಿಕೊಡುತ್ತಾರೆ. ಘಾಟಿ ಇಳಿಯುವಾಗ ಏನು ಮಾಡಬೇಕು ಅಂತ ತೋರಿಸುವವರು ಕಡಿಮೆ.

ಪ್ರಶ್ನೆ: ದಿನಾ ಸೋಮವಾರಪೇಟೆಯಿಂದ ಮಡಿಕೇರಿಗೆ ಕೆಲಸಕ್ಕೆ ಹೋಗುತ್ತೇನೆ. ಮಳೆ ಬಂದರೆ ಮುಂದಿನ ಗಾಜು ಒಳಗಡೆ ಬೆಳ್ಳಗಾಗಿಬಿಡುತ್ತದೆ. ಒಂದು ಕೈಯಲ್ಲಿ ಬಟ್ಟೆ ಹಿಡಿದು ಒರೆಸಿಕೊಂಡೇ ಓಡಿಸುತ್ತೇನೆ. ಚಳಿಯಲ್ಲೂ ಎಸಿ ಹಾಕಬೇಕು ಅಂತಾರೆ, ನಿಜವಾ?
– ಒಬ್ಬ ಶಿಕ್ಷಕಿ, ಸೋಮವಾರಪೇಟೆ

ಉತ್ತರ: ನಿಜ ಮೇಡಂ, ಹಾಕಲೇಬೇಕು. ಎಸಿ ಅಂದರೆ ತಂಪು ಮಾಡುವುದು ಅಂತಷ್ಟೇ ನಾವು ತಿಳಿದಿದ್ದೇವೆ. ಅದು ಗಾಳಿಯಲ್ಲಿರುವ ತೇವವನ್ನೂ ತೆಗೆಯುತ್ತದೆ. ನಿಮ್ಮ ಉಸಿರು, ಒದ್ದೆ ಕೊಡೆ, ರೈನ್‌ಕೋಟು, ಚಪ್ಪಲಿಗೆ ಅಂಟಿದ ನೀರು, ಇವೆಲ್ಲ ಸೇರಿ ಕಾರಿನೊಳಗೆ ತೇವ ತುಂಬಿರುತ್ತದೆ. ಹೊರಗಿನ ಮಳೆಗೆ ಗಾಜು ತಣ್ಣಗಾಗಿರುತ್ತದೆ. ಒಳಗಿನ ತೇವ ಆ ತಣ್ಣನೆ ಗಾಜಿಗೆ ತಾಗಿ ನೀರಾಗುತ್ತದೆ. ಎಸಿ ಹಾಕಿದರೆ ಅದೇ ತೇವ ಗಾಜಿಗೆ ಹೋಗುವ ಮೊದಲೇ ಎಸಿಯ ತಣ್ಣನೆ ಕಾಯಿಲ್ ಮೇಲೆ ನೀರಾಗಿ, ಕಾರಿನ ಕೆಳಗಿನ ಪೈಪಿನಿಂದ ಹೊರಗೆ ಹೋಗುತ್ತದೆ.

ಹೀಗೆ ಮಾಡಿ. ಬೀಸಣಿಗೆಯ ಹಾಗೆ ಅಗಲವಾದ ಗಾಜಿನ ಚಿತ್ರ, ಅದರಲ್ಲಿ ಮೇಲಕ್ಕೆ ಹೋಗುವ ಡೊಂಕು ಬಾಣಗಳು ಇರುವ ಬಟನ್ ಹುಡುಕಿ. ಅದು ಮುಂದಿನ ಗಾಜಿನದು. ಚೌಕದ ಚಿತ್ರ ಇರುವುದು ಹಿಂದಿನ ಗಾಜಿನದು. ಮುಂದಿನದನ್ನು ಒತ್ತಿ, ಎಸಿ ಹಾಕಿ, ಬ್ಲೋವರ್ ಜಾಸ್ತಿ ಮಾಡಿ, ಬಿಸಿ ತಂಪಿನ ಗುಂಡಿಯನ್ನು ಕೆಂಪು ಬಣ್ಣದ ಕಡೆಗೆ ತಿರುಗಿಸಿ. ಎಸಿ ಮತ್ತು ಬಿಸಿ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ, ಚಳಿಯೂ ಆಗುವುದಿಲ್ಲ. ಇನ್ನೊಂದು ಮುಖ್ಯ ವಿಷಯ, ಕಾರಿನ ಚಿತ್ರದೊಳಗೆ ಬಾಣ ಸುತ್ತುವ ಬಟನ್ ಇದೆಯಲ್ಲ, ಅದು ಆಫ್ ಇರಬೇಕು. ಅದು ಆನ್ ಇದ್ದರೆ ಒಳಗಿನ ಗಾಳಿಯೇ ಮತ್ತೆ ಮತ್ತೆ ಸುತ್ತುತ್ತದೆ. ಮಳೆಯ ಥಂಡಿ ಒಳಗೆ ಬರಬಾರದು ಅಂತ ತುಂಬಾ ಜನ ಅದನ್ನು ಮಳೆಗಾಲ ಪೂರ್ತಿ ಆನ್ ಇಟ್ಟಿರುತ್ತಾರೆ, ಗಾಜು ಮಂಜಾಗಲು ಅದೇ ದೊಡ್ಡ ಕಾರಣ. ನಾಲ್ಕೈದು ಜನ ಕೂತು ದೂರ ಹೋಗುವಾಗ ಹಾಗೇ ಬಿಟ್ಟರೆ ಒಳಗಿನ ಗಾಳಿ ಕೆಟ್ಟು ಓಡಿಸುವವರಿಗೆ ತೂಕಡಿಕೆಯೂ ಬರುತ್ತದೆ.

ಮಡಿಕೇರಿಯಿಂದ ಸುಳ್ಯದ ಕಡೆ ಇಳಿದಾಗ ಇದರ ಉಲ್ಟಾ ಆಗುತ್ತದೆ. ಅಲ್ಲಿ ಗಾಳಿ ಬೆಚ್ಚಗೆ, ತೇವವಾಗಿ ಇರುತ್ತದೆ. ನೀವು ಎಸಿಯನ್ನು ಪೂರ್ತಿ ತಂಪಿಗಿಟ್ಟು ಗಾಜಿಗೆ ಬಿಟ್ಟಿದ್ದರೆ ಗಾಜಿನ ಹೊರಗಡೆ ಮಂಜು ಕೂರುತ್ತದೆ. ಒಳಗೆ ಎಷ್ಟು ಒರೆಸಿದರೂ ಹೋಗುವುದಿಲ್ಲ. ಆಗ ವೈಪರ್ ಹಾಕಿ, ತಂಪು ಕಡಿಮೆ ಮಾಡಿ, ಗಾಳಿಯನ್ನು ಗಾಜಿನಿಂದ ಬೇರೆ ಕಡೆ ತಿರುಗಿಸಿ. ಮಂಜು ಒಳಗಿದೆಯಾ ಹೊರಗಿದೆಯಾ ಅಂತ ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ.

ವಾರಕ್ಕೊಮ್ಮೆ ಗಾಜಿನ ಒಳಮೈ ಒರೆಸಿ. ಧೂಳು, ಎಣ್ಣೆ ಪಸೆ ಇರುವ ಗಾಜು ಬೇಗ ಮಂಜಾಗುತ್ತದೆ. ಹಿಂದಿನ ಗಾಜಿನಲ್ಲಿರುವ ಸಣ್ಣ ಗೆರೆಗಳು ಬಿಸಿಯಾಗುವ ತಂತಿಗಳು. ಅವುಗಳನ್ನು ಗೆರೆಯ ಉದ್ದಕ್ಕೇ ಒರೆಸಿ, ಅಡ್ಡಡ್ಡ ಉಜ್ಜಬೇಡಿ. ಒಂದು ಗೆರೆ ಕಡಿದರೆ ಅಷ್ಟು ಜಾಗ ಬಿಸಿಯಾಗುವುದಿಲ್ಲ.

ಪ್ರಶ್ನೆ: ತೋಟದ ಮನೆಯಲ್ಲಿ ಕಾರು ವಾರಗಟ್ಟಲೆ ನಿಂತೇ ಇರುತ್ತದೆ. ಬಾಗಿಲು ತೆಗೆದರೆ ಮುಗ್ಗು ವಾಸನೆ. ಸೀಟಿನ ಮೇಲೆ ಬಿಳಿ ಬೂಷ್ಟು. ಎಡಗಡೆ ಮ್ಯಾಟಿನ ಕೆಳಗೆ ನೀರೂ ಇದೆ. ಸೆಂಟ್ ಬಾಟಲಿ ಇಟ್ಟೆ, ಪ್ರಯೋಜನ ಆಗಲಿಲ್ಲ.
– ಭಾಗಮಂಡಲದಿಂದ ಒಬ್ಬರು

ಉತ್ತರ: ಸೆಂಟ್ ತೆಗೆದಿಡಿ. ವಾಸನೆಯ ಮೇಲೆ ಇನ್ನೊಂದು ವಾಸನೆ ಹಾಕಿದರೆ ತಲೆನೋವು ಬರುತ್ತದೆ, ಬೂಷ್ಟು ಹೋಗುವುದಿಲ್ಲ. ಮೊದಲು ನೀರು ಎಲ್ಲಿಂದ ಬಂತು ಅಂತ ಹುಡುಕಬೇಕು. ಎಡಗಡೆ ಮುಂದಿನ ಮ್ಯಾಟಿನ ಕೆಳಗೆ ನೀರು ನಿಂತರೆ ಎಸಿ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿರುವುದೇ ಜಾಸ್ತಿ. ಎಸಿ ಹಾಕಿ ಹತ್ತು ನಿಮಿಷವಾದ ಮೇಲೆ ಕಾರಿನ ಕೆಳಗೆ ಹನಿ ಬೀಳುತ್ತಿದೆಯಾ ನೋಡಿ. ಬೀಳದಿದ್ದರೆ ಪೈಪ್ ಬಿಡಿಸಿಸಿ. ಎರಡನೆಯದು, ಬಾನೆಟ್ ತೆಗೆದರೆ ಮುಂದಿನ ಗಾಜಿನ ಬುಡದಲ್ಲಿ ಉದ್ದಕ್ಕೆ ಒಂದು ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಮರದ ಕೆಳಗೆ ನಿಲ್ಲಿಸುವ ಕಾರಿನಲ್ಲಿ ಅಲ್ಲಿ ಎಲೆ ತುಂಬಿ ಕೊಳೆತು, ನೀರಿನ ದಾರಿ ಮುಚ್ಚುತ್ತದೆ. ಸಿಲ್ವರ್ ಮರದ ಎಲೆ ಉದುರುವ ತೋಟದಲ್ಲಿ ಇದನ್ನು ತಿಂಗಳಿಗೊಮ್ಮೆ ಕೈಹಾಕಿ ತೆಗೆಯಲೇಬೇಕು. ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ಸಣ್ಣ ಪೈಪುಗಳನ್ನೂ ನೋಡಿಸಿ. ಮ್ಯಾಟಿನ ನೀರು ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಮಳೆ ನೀರಲ್ಲ, ಹೀಟರಿನಿಂದ ಸೋರುವ ಕೂಲಂಟ್, ಅಂದರೆ ಇಂಜಿನ್ ತಂಪಿಡುವ ದ್ರವ. ಅದನ್ನು ಮೆಕ್ಯಾನಿಕ್ಕೇ ನೋಡಬೇಕು.

ನೀರು ಬರುವುದು ನಿಂತ ಮೇಲೆ ಒಣಗಿಸುವುದು. ಬಿಸಿಲು ಬಂದ ದಿನ ನಾಲ್ಕೂ ಬಾಗಿಲು ತೆಗೆದಿಡಿ, ಮ್ಯಾಟ್ ತೆಗೆದು ಕಣದಲ್ಲಿ ಹರಡಿ. ಕಾರ್ಪೆಟ್ ಕೆಳಗಿನ ದಪ್ಪ ಫೋಮ್ ಒದ್ದೆಯಾಗಿದ್ದರೆ ಮೇಲೆ ಮುಟ್ಟಿದಾಗ ಒಣಗಿದ ಹಾಗೇ ಅನಿಸುತ್ತದೆ, ಒತ್ತಿ ನೋಡಿದರೆ ನೀರು ಬರುತ್ತದೆ. ಅದನ್ನು ಎತ್ತಿ ಒಣಗಿಸದಿದ್ದರೆ ವಾಸನೆ ತಿರುಗಿ ಬರುತ್ತದೆ, ಕೆಳಗಿನ ತಗಡಿಗೆ ತುಕ್ಕೂ ಹಿಡಿಯುತ್ತದೆ. ಬೂಷ್ಟನ್ನು ಬಿಳಿ ವಿನೆಗರ್ ಮತ್ತು ನೀರು ಸಮ ಸೇರಿಸಿ ಬಟ್ಟೆ ಅದ್ದಿ ಒರೆಸಿ. ಒರೆಸುವಾಗ ಮೂಗಿಗೆ ಮಾಸ್ಕ್ ಇರಲಿ. ಕಾರ್ಪೆಟ್ ಮೇಲೆ ಅಡಿಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು ವ್ಯಾಕ್ಯೂಮ್ ಮಾಡಿದರೆ ವಾಸನೆ ತಗ್ಗುತ್ತದೆ. ಗ್ಲೋವ್ ಬಾಕ್ಸ್ ಹಿಂದೆ ಕ್ಯಾಬಿನ್ ಫಿಲ್ಟರ್ ಇರುತ್ತದೆ, ಅದನ್ನು ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಬದಲಿಸಿ. ಮನೆ ತಲುಪುವ ಮೂರು ನಾಲ್ಕು ನಿಮಿಷ ಮುಂಚೆ ಎಸಿ ಆಫ್ ಮಾಡಿ, ಬ್ಲೋವರ್ ಮಾತ್ರ ಓಡಲಿ. ಕಾಯಿಲ್ ಒಣಗುತ್ತದೆ, ಎಸಿ ಹಾಕಿದ ತಕ್ಷಣ ಬರುವ ಹುಳಿ ವಾಸನೆ ಬರುವುದಿಲ್ಲ.

ವಾರಗಟ್ಟಲೆ ನಿಲ್ಲಿಸುವ ಕಾರಿಗೆ ಒಂದು ಮಾತು. ಸಮತಟ್ಟು ಜಾಗವಿದ್ದರೆ ಹ್ಯಾಂಡ್‌ಬ್ರೇಕ್ ಹಾಕದೆ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಮಳೆಯ ತೇವಕ್ಕೆ ಬ್ರೇಕ್ ಹಿಡಿದುಕೊಂಡುಬಿಡುತ್ತದೆ.

ಪ್ರಶ್ನೆ: ಹೊಸ ಕಾರಿಗೆ ದಪ್ಪ ಸೀಟ್ ಕವರ್, ಮುಂದೆ ಸ್ಟೀಲ್ ಗಾರ್ಡ್, ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಾಕಿಸಬಹುದಾ?
– ಕುಶಾಲನಗರದ ಓದುಗರು

ಉತ್ತರ: ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಪಟ್ಟಿ ಹೊಲಿದಿದೆಯಾ ನೋಡಿ. ಇದ್ದರೆ ಆ ಸೀಟಿನೊಳಗಿಂದ ಏರ್‌ಬ್ಯಾಗ್ ಬಿಚ್ಚಿಕೊಂಡು ಬರಬೇಕು. ಸಾಮಾನ್ಯ ಕವರ್ ಬಿಗಿಯಾಗಿ ಹಾಕಿದರೆ ಅದು ಬರುವ ದಾರಿಯೇ ಮುಚ್ಚಿತು. ಅಂಥ ಸೀಟಿಗೆಂದೇ ಹೊಲಿದ ಕವರ್ ಸಿಗುತ್ತದೆ, ಅದನ್ನೇ ಕೇಳಿ. ಸ್ಟೀಲ್ ಗಾರ್ಡ್ ಬೇಡವೇ ಬೇಡ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಅದು ಕಾನೂನಿಗೆ ವಿರುದ್ಧ ಅಂತ ರಾಜ್ಯಗಳಿಗೆ ಬರೆದಿದೆ. ಕಾರಿನ ಮುಂಭಾಗ ಮುದುಡಿ ಪೆಟ್ಟನ್ನು ನುಂಗಬೇಕು, ಗಾರ್ಡ್ ಆ ಪೆಟ್ಟನ್ನು ನೇರ ಚಾಸಿಗೆ ಕಳಿಸುತ್ತದೆ. ನಡೆದು ಹೋಗುವವರಿಗೆ ತಾಗಿದರಂತೂ ಕೇಳುವುದೇ ಬೇಡ. ಪಾಲಿಶ್ ಹಾಕಿದ ಡ್ಯಾಶ್‌ಬೋರ್ಡ್ ಬಿಸಿಲಲ್ಲಿ ಗಾಜಿನ ಮೇಲೆ ಹೊಳೆದು ಕಣ್ಣಿಗೆ ಹೊಡೆಯುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸ್ಟೀರಿಂಗಿಗೆ, ಪೆಡಲಿಗೆ ಅಂತೂ ಪಾಲಿಶ್ ಮುಟ್ಟಿಸಲೇಬೇಡಿ, ಜಾರುತ್ತದೆ.

ಪ್ರಶ್ನೆ: ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಪೆಟ್ರೋಲ್ ಉಳಿಯಲಿ ಅಂತ ನ್ಯೂಟ್ರಲ್ ಮಾಡುತ್ತೇನೆ. ಮೊನ್ನೆ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಟಕಟಕ ಅಂತ ಒದೆಯಿತು. ಬ್ರೇಕ್ ಕೆಟ್ಟಿದೆಯಾ?
– ಮದೆನಾಡಿನ ಯುವಕ

ಉತ್ತರ: ಬ್ರೇಕ್ ಕೆಟ್ಟಿಲ್ಲ ತಮ್ಮಾ. ಆದರೆ ನ್ಯೂಟ್ರಲ್ ಅಭ್ಯಾಸ ಇವತ್ತೇ ಬಿಡು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಆ ರಸ್ತೆ ನನಗೂ ಪಾಠ ಕಲಿಸಿದೆ.

ಮೊದಲು ಪೆಟ್ರೋಲಿನ ಲೆಕ್ಕ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಯುತ್ತಿದ್ದರೆ ಕಂಪ್ಯೂಟರ್ ಇಂಜಿನ್ನಿಗೆ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ, ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆಫ್ ಆಗದೆ ಇರಲು ಪೆಟ್ರೋಲ್ ಕುಡಿಯಲೇಬೇಕು. ಅಂದರೆ ನೀನು ಉಳಿಸುತ್ತಿಲ್ಲ, ಸುಮ್ನೆ ಸುಡುತ್ತಿದ್ದೀಯಾ. ಇಂಜಿನ್ ಆಫ್ ಮಾಡಿ ಇಳಿಯುವವರೂ ಇದ್ದಾರೆ, ಅದು ಇನ್ನೂ ಅಪಾಯ. ಇಂಜಿನ್ ನಿಂತರೆ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ.

ನಾನು ಒಮ್ಮೆ ತುಂಬಿದ ಕಾರಿನಲ್ಲಿ ಮೇಲಿನ ಗೇರಿನಲ್ಲೇ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದೆ. ಜೋಡುಪಾಲ ದಾಟುವ ಹೊತ್ತಿಗೆ ಸುಟ್ಟ ವಾಸನೆ ಬಂತು, ಪೆಡಲ್ ಮೆತ್ತಗಾಯಿತು, ಒತ್ತಿದಷ್ಟೂ ಒಳಗೆ ಹೋಯಿತು. ಹಿಂದೆ ಮಕ್ಕಳಿದ್ದರು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದು, ಬೆಟ್ಟದ ಬದಿಗೆ ತಂದು ನಿಲ್ಲಿಸಿದೆ. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆ ಪೆಡಲ್ ಒಳಗೆ ಹೋದದ್ದು ಈಗಲೂ ಕಾಲಿಗೆ ನೆನಪಿದೆ. ಆಮೇಲೆ ನೋಡಿಸಿದರೆ ಬ್ರೇಕ್ ಆಯಿಲ್ ಐದು ವರ್ಷ ಹಳೆಯದಾಗಿತ್ತು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಲು ಕಡಿಮೆ ಅಂದರೂ 230 ಡಿಗ್ರಿ ಬೇಕು. ನೀರು ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯಬಹುದು. ಘಾಟಿಯಲ್ಲಿ ಸತತವಾಗಿ ಬ್ರೇಕ್ ಒತ್ತಿದರೆ ಅಷ್ಟು ಬಿಸಿ ಬರುತ್ತದೆ, ಆಯಿಲ್ ಕುದಿದು ಗುಳ್ಳೆಯಾಗುತ್ತದೆ, ಗುಳ್ಳೆ ಒತ್ತಿದರೆ ಬ್ರೇಕ್ ಹಿಡಿಯುವುದಿಲ್ಲ. ನಮ್ಮಂಥ ಮಳೆ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು. ಸರ್ವಿಸ್‌ಗೆ ಬಿಟ್ಟಾಗ ಬಾಯಿಬಿಟ್ಟು ಕೇಳು, ತಾವಾಗಿ ಹೇಳುವುದಿಲ್ಲ.

ಇಳಿಯುವಾಗ ಹತ್ತಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿ. ಎರಡನೆಯದೋ ಮೂರನೆಯದೋ ಇರಲಿ, ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಬ್ರೇಕನ್ನು ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ಬಿಡು, ಸದಾ ಕಾಲಿಟ್ಟುಕೊಂಡಿರಬೇಡ. ಆಟೋಮ್ಯಾಟಿಕ್ ಕಾರಾದರೆ ಡಿ ಬಿಟ್ಟು ಎಲ್ ಅಥವಾ ಮ್ಯಾನ್ಯುವಲ್ ಮೋಡ್‌ಗೆ ಹಾಕಬೇಕು.

ಇನ್ನು ಆ ಟಕಟಕ. ಅದು ಎಬಿಎಸ್. 2019ರ ನಂತರದ ಕಾರುಗಳಲ್ಲಿ ಅದು ಇದ್ದೇ ಇರುತ್ತದೆ. ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರಬಾರದು ಅಂತ ಅದು ಬ್ರೇಕನ್ನು ಒಂದು ಸೆಕೆಂಡಿನಲ್ಲಿ ಎಷ್ಟೋ ಸಲ ಬಿಟ್ಟು ಹಿಡಿಯುತ್ತದೆ. ಅದೇ ಕಾಲಿಗೆ ಗೊತ್ತಾಗುವುದು. ಹೆದರಿ ಕಾಲು ತೆಗೆದರೆ ಕೆಲಸ ಕೆಟ್ಟಿತು. ಒತ್ತಿ ಹಿಡಿದೇ ಇರು, ಸ್ಟೀರಿಂಗ್ ತಿರುಗಿಸು, ಗಾಡಿ ನಿನ್ನ ಮಾತು ಕೇಳುತ್ತದೆ. ಎಬಿಎಸ್ ಇದೆ ಅಂತ ಒದ್ದೆ ರಸ್ತೆಯಲ್ಲಿ ಗಾಡಿ ಬೇಗ ನಿಲ್ಲುತ್ತದೆ ಅಂತ ಮಾತ್ರ ನಂಬಬೇಡ. ಟಯರ್ ಸವೆದಿದ್ದರೆ ಏನಿದ್ದರೂ ಪ್ರಯೋಜನವಿಲ್ಲ. ಟಯರಿನ ಗೆರೆಗಳ ನಡುವೆ ಸಣ್ಣ ದಿಂಡುಗಳಿವೆ, ಅವುಗಳ ಎತ್ತರ 1.6 ಮಿಲಿಮೀಟರ್. ಟಯರ್ ಸವೆದು ಆ ಮಟ್ಟಕ್ಕೆ ಬಂದರೆ ಕಾನೂನಿನ ಪ್ರಕಾರವೂ ಮುಗಿಯಿತು. ಕೊಡಗಿನ ಮಳೆಗೆ ಅದಕ್ಕೆ ಮುಂಚೆಯೇ ಬದಲಿಸು ಅಂತ ನಾನು ಹೇಳುತ್ತೇನೆ.

ಪ್ರಶ್ನೆ: ಮೊಮ್ಮಗಳಿಗೆ ಒಂದು ವರ್ಷ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಆಗಾಗ ಹೋಗುತ್ತೇವೆ. ಮುಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ, ಗಟ್ಟಿಯಾಗಿ ಹಿಡಿದಿರುತ್ತೇನೆ. ಮಗ ಬೇಡ ಅಂತಾನೆ.
– ಒಬ್ಬ ಅಜ್ಜಿ, ವಿರಾಜಪೇಟೆ

ಉತ್ತರ: ಅಮ್ಮಾ, ನಿಮ್ಮ ಮಗ ಹೇಳುವುದು ಸರಿ. ನಿಮ್ಮ ಪ್ರೀತಿಯಲ್ಲಿ ಕೊರತೆ ಇಲ್ಲ, ಕೈಯ ಶಕ್ತಿ ಸಾಲುವುದಿಲ್ಲ ಅಷ್ಟೇ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗುದ್ದಿ ಅರ್ಧ ಮೀಟರಿನೊಳಗೆ ನಿಂತರೆ ಒಳಗಿದ್ದವರನ್ನು ಮುಂದಕ್ಕೆ ಎಳೆಯುವ ಬಲ ಅವರ ತೂಕದ ಸುಮಾರು 20 ಪಟ್ಟು. ನಿಮ್ಮ 10 ಕಿಲೋ ಮಗು ಆ ಕ್ಷಣದಲ್ಲಿ 200 ಕಿಲೋ ಆಗುತ್ತದೆ. ನಾಲ್ಕು ಕಾಫಿ ಚೀಲದ ತೂಕ. ಯಾರ ಕೈಯೂ ಹಿಡಿಯುವುದಿಲ್ಲ. ಮುಂದೆ ಏರ್‌ಬ್ಯಾಗ್ ಬೇರೆ ಇದೆ. ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬುತ್ತದೆ. ಬೆಲ್ಟ್ ಹಾಕಿದ ದೊಡ್ಡವರನ್ನು ಅದು ಉಳಿಸುತ್ತದೆ, ತೊಡೆಯ ಮೇಲಿನ ಮಗುವಿನ ಪ್ರಾಣಕ್ಕೇ ಕುತ್ತು ತರುತ್ತದೆ.

ಮಗುವಿನ ಸೀಟ್ ತರಿಸಿ. ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಕಾರಿನ ಹಿಂಭಾಗಕ್ಕೆ ಇರುವ ಹಾಗೆ ಕಟ್ಟಬೇಕು. ಮಗುವಿನ ತಲೆ ಭಾರ, ಕತ್ತು ಎಳೆಯದು, ಹೀಗೆ ಕೂತರೆ ಇಡೀ ಬೆನ್ನು ಪೆಟ್ಟನ್ನು ಹಂಚಿಕೊಳ್ಳುತ್ತದೆ. ಹಿಂದಿನ ಸೀಟಿನ ಸಂದಿಯಲ್ಲಿ ಕೈಹಾಕಿದರೆ ಎರಡು ಕಬ್ಬಿಣದ ಕೊಂಡಿ ಸಿಗಬಹುದು, ಐಸೋಫಿಕ್ಸ್ ಅಂತಾರೆ. ಅದಕ್ಕೆ ಸೀಟ್ ಕಟಕ್ ಅಂತ ಕೂರುತ್ತದೆ. ಮೊದಲ ಎರಡು ಮೂರು ಸಲ ಮಗು ಅಳುತ್ತದೆ. ಆಮೇಲೆ ಆ ಸೀಟಿನಲ್ಲೇ ನಿದ್ದೆ ಮಾಡುತ್ತದೆ. ನೀವು ಪಕ್ಕದಲ್ಲೇ ಕೂತು ಕೈ ಹಿಡಿದುಕೊಳ್ಳಬಹುದು, ಆದರೆ ನೀವೂ ಬೆಲ್ಟ್ ಹಾಕಿರಬೇಕು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟೋ ಮಕ್ಕಳ ಸೀಟೋ ಇರಲೇಬೇಕು, ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ. ಘಾಟಿಯಲ್ಲಿ ವಾಂತಿ ಬರುತ್ತದೆ ಅಂತ ಮಕ್ಕಳನ್ನು ಎತ್ತಿಕೊಳ್ಳುವವರು ಜಾಸ್ತಿ. ಪೆರುಂಬಾಡಿ ದಾಟಿದ ಮೇಲೆ ಮಧ್ಯೆ ಮಧ್ಯೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಗಾಳಿ ತಾಗಿಸಿ, ಮತ್ತೆ ಕಟ್ಟಿ ಹೊರಡಿ.

ಪ್ರಶ್ನೆ: ಮೀಟರಿನಲ್ಲಿ ಎಷ್ಟೊಂದು ದೀಪ. ಯಾವುದಕ್ಕೆ ಗಾಡಿ ನಿಲ್ಲಿಸಬೇಕು?
– ಸುಂಟಿಕೊಪ್ಪ

ಉತ್ತರ: ಬಣ್ಣ ನೋಡಿ. ಕೆಂಪು ಅಂದರೆ ಜಾಗ ನೋಡಿ ಈಗಲೇ ನಿಲ್ಲಿಸಿ. ಎಣ್ಣೆ ಗಿಂಡಿಯ ಚಿತ್ರ, ಥರ್ಮಾಮೀಟರ್, ಬ್ರೇಕಿನ ಗುರುತು ಕೆಂಪಾಗಿ ಉರಿದರೆ ಮುಂದೆ ಓಡಿಸಬೇಡಿ. ಬ್ರೇಕಿನದು ಉರಿದಾಗ ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಹಳದಿ ಅಂದರೆ ಬೇಗ ತೋರಿಸಿ. ಎಬಿಎಸ್ ದೀಪ ಹಳದಿಯಾಗಿ ನಿಂತರೆ ಸಾಮಾನ್ಯ ಬ್ರೇಕ್ ಇರುತ್ತದೆ, ಎಬಿಎಸ್ ಇರುವುದಿಲ್ಲ. ಜಾರುವ ಕಾರಿನ ಚಿತ್ರ ಮಿನುಗಿದರೆ ಕಾರು ಜಾರದಂತೆ ತಾನೇ ಹಿಡಿಯುತ್ತಿದೆ ಅಂತ ಅರ್ಥ, ವೇಗ ಇಳಿಸಿ.

ಪ್ರಶ್ನೆ: ಹೊಸ ಕಾರಿನಲ್ಲಿ ತಾನೇ ಬ್ರೇಕ್ ಹಾಕುವ, ಲೇನ್ ಹಿಡಿಯುವ ವ್ಯವಸ್ಥೆ ಇದೆ. ಗೋಣಿಕೊಪ್ಪದಿಂದ ತಿತಿಮತಿ, ಆನೆಚೌಕೂರು ಮೇಲೆ ಹುಣಸೂರಿಗೆ ರಾತ್ರಿ ಹೋಗುವಾಗ ಇದನ್ನು ನಂಬಬಹುದಾ?
– ಗೋಣಿಕೊಪ್ಪಲಿನ ವರ್ತಕರು

ಉತ್ತರ: ಹೆಚ್ಚಿನ ಕಾರುಗಳಲ್ಲಿ ಈ ವ್ಯವಸ್ಥೆಯ ಕಣ್ಣು ಮುಂದಿನ ಗಾಜಿನ ಮೇಲ್ಭಾಗದಲ್ಲಿರುವ ಕ್ಯಾಮೆರಾ. ಮಂಜಿನಲ್ಲಿ ನಿಮಗೆ ಕಾಣದ್ದು ಅದಕ್ಕೂ ಕಾಣುವುದಿಲ್ಲ. ರಸ್ತೆಯ ಬಿಳಿ ಗೆರೆ ಅಳಿಸಿಹೋದ ಕಡೆ ಲೇನ್ ಹಿಡಿಯಲು ಅದಕ್ಕೆ ಗುರುತೇ ಸಿಗುವುದಿಲ್ಲ. ಇದು ಮುಖ್ಯವಾಗಿ ವಾಹನಗಳನ್ನು, ಮನುಷ್ಯರನ್ನು ಗುರುತಿಸಲು ಕಲಿತ ವ್ಯವಸ್ಥೆ. ಕತ್ತಲಲ್ಲಿ ರಸ್ತೆಗೆ ಅಡ್ಡ ನಿಂತ ಆನೆಯನ್ನು ಅದು ಹಿಡಿಯುತ್ತದೆ ಅಂತ ನಂಬಿ ಕಾಡಿನೊಳಗೆ ಹೋಗಬೇಡಿ. ಅಲ್ಲಿ ಉಳಿಸುವುದು ಕಡಿಮೆ ವೇಗ. ಕ್ಯಾಮೆರಾ ಮುಂದಿನ ಗಾಜಿಗೆ ಸ್ಟಿಕರ್ ಅಂಟಿಸಬೇಡಿ. ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಿಸಿ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ನಿಂತ ಹಾಗಾಗುತ್ತದೆ, ಡಿಮ್ ಮತ್ತು ಫಾಗ್ ಲ್ಯಾಂಪ್ ಸಾಕು. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಬೇಡಿ, ನೀವು ಯಾವ ಕಡೆ ತಿರುಗುತ್ತೀರಿ ಅಂತ ಹಿಂದಿನವರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದೇವೆ. ಬೆಲೆ ಕಡಿಮೆ, ಒಳಗೆ ಹೊಸದರ ಹಾಗಿದೆ. ಪ್ರವಾಹದ ನೀರಿನಲ್ಲಿ ನಿಂತ ಕಾರಾ ಅಂತ ಅನುಮಾನ.
– ಸಿದ್ದಾಪುರದ ದಂಪತಿ

ಉತ್ತರ: 2018 ಮತ್ತು 2019ರ ಮಳೆ ನೋಡಿದ ನಿಮಗೆ ಆ ಅನುಮಾನ ಬಂದದ್ದು ಸರಿಯೇ. ಒಳಗೆ ತೊಳೆದು ಹೊಸ ಕವರ್ ಹಾಕಿದರೆ ಯಾವ ಕಾರೂ ಹೊಸದರ ಹಾಗೇ ಕಾಣುತ್ತದೆ. ನೀವು ನೋಡಬೇಕಾದ್ದು ತೊಳೆಯುವವರ ಕೈ ಹೋಗದ ಜಾಗ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಕೊನೆಯ ಒಂದಡಿಯಲ್ಲಿ ಮಣ್ಣಿನ ಕಲೆಯೋ ಅಡ್ಡ ಗೆರೆಯೋ ಕಂಡರೆ ನೀರು ಅಲ್ಲಿವರೆಗೆ ಬಂದಿತ್ತು. ಸೀಟನ್ನು ಹಿಂದೆ ಮುಂದೆ ಸರಿಸಿ ಕೆಳಗಿನ ಹಳಿಯಲ್ಲಿ ತುಕ್ಕು ಇದೆಯಾ, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಕೆಳಗೆ ಒಣಗಿದ ಕೆಸರಿದೆಯಾ ನೋಡಿ. ಗಾಜು ಏರಿಸಿ, ಎಸಿ ಹಾಕದೆ ಐದು ನಿಮಿಷ ಒಳಗೆ ಕೂತು ಮೂಸಿ ನೋಡಿ.

ಕೊನೆಗೆ ಏರ್‌ಬ್ಯಾಗ್ ದೀಪ. ಕೀ ಆನ್ ಮಾಡಿದಾಗ ಅದು ಹತ್ತಬೇಕು, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಏರ್‌ಬ್ಯಾಗಿನಲ್ಲಿ ದೋಷವಿದೆ. ಹತ್ತಲೇ ಇಲ್ಲದಿದ್ದರೆ ದೋಷ ಕಾಣಬಾರದು ಅಂತ ಯಾರೋ ದೀಪವನ್ನೇ ಕಿತ್ತಿರಬಹುದು, ಅಂಥ ಕಾರಿಗೆ ಅಡ್ವಾನ್ಸ್ ಕೊಡದೆ ಮನೆಗೆ ಬನ್ನಿ.